ಮುಟ್ಟಿನ ನೋವಿನ ಕಾಯಿಲೆಗೆ ರಕ್ತ ಪರೀಕ್ಷೆ ಇದೆಯೇ?

"ಸಿಸ್ಟರ್, ಇಷ್ಟೆಲ್ಲಾ ಸ್ಕ್ಯಾನಿಂಗು, ಆಪರೇಷನ್ನು ಯಾಕ್ರೀ? ಒಂಚೂರು ರಕ್ತ ತೆಗೆದು ನೋಡಿದ್ರೆ ಗೊತ್ತಾಗಲ್ಲೇನ್ರೀ?"

ಸ್ತ್ರೀರೋಗ ವಿಭಾಗದ ಮುಂದೆ ಸರದಿಯಲ್ಲಿ ಕುಳಿತ ತಾಯಂದಿರು ಮತ್ತು ಅವರ ಜೊತೆ ಬಂದ ಅತ್ತೆ, ಅಕ್ಕ, ಗಂಡಂದಿರು ಕೇಳುವ ಪ್ರಶ್ನೆಗಳಲ್ಲಿ ಇದು ಮೊದಲನೆಯದು. ಪ್ರಶ್ನೆ ಸರಿಯಾಗಿಯೇ ಇದೆ. ಸಕ್ಕರೆ ಕಾಯಿಲೆಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಗರ್ಭ ನಿಂತಿದೆಯೋ ಇಲ್ಲವೋ ಎಂದು ಮೂತ್ರ ನೋಡಿ ಐದು ನಿಮಿಷದಲ್ಲಿ ಹೇಳಬಹುದು. ಥೈರಾಯ್ಡ್, ಕಾಮಾಲೆ, ರಕ್ತಹೀನತೆ ಎಲ್ಲದಕ್ಕೂ ಪರೀಕ್ಷೆ ಇದೆ. ಹಾಗಿದ್ದಾಗ ತಿಂಗಳಿಗೆ ನಾಲ್ಕು ದಿನ ಹೆಣ್ಣುಮಗಳನ್ನು ನೆಲಕ್ಕೆ ಒರಗಿಸುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಗೆ ಅಂಥದ್ದೊಂದು ಪರೀಕ್ಷೆ ಏಕಿಲ್ಲ? ವಿಜ್ಞಾನಿಗಳು ಅದನ್ನು ಹುಡುಕುತ್ತಿಲ್ಲವೇ? ಹುಡುಕುತ್ತಿದ್ದಾರೆ, ಅದೂ ನಲವತ್ತು ವರ್ಷಗಳಿಂದ. ಆ ಹುಡುಕಾಟ ಎಲ್ಲಿಯವರೆಗೆ ಬಂದಿದೆ, ಅಲ್ಲಿಯವರೆಗೆ ನಾವು ನೀವು ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕಾಯಿಲೆ ಯಾವುದು?

ಗರ್ಭಕೋಶದ ಒಳಗೋಡೆಗೆ ಒಂದು ಮೆತ್ತನೆಯ ಪದರ ಇರುತ್ತದೆ. ಪ್ರತಿ ತಿಂಗಳು ಅದು ದಪ್ಪವಾಗಿ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದ ಜೊತೆ ಹೊರಗೆ ಹೋಗುತ್ತದೆ. ಇದೇ ಮುಟ್ಟು. ಕೆಲವರಲ್ಲಿ ಇದೇ ರೀತಿಯ ಪದರ ಗರ್ಭಕೋಶದ ಹೊರಗೂ ಬೆಳೆಯುತ್ತದೆ. ಅಂಡಾಶಯದ ಮೇಲೆ, ಗರ್ಭನಾಳದ ಸುತ್ತ, ಹೊಟ್ಟೆಯ ಒಳಪೊರೆಯ ಮೇಲೆ, ಕೆಲವೊಮ್ಮೆ ಕರುಳು, ಮೂತ್ರಕೋಶದ ಮೇಲೂ ಅಂಟಿಕೊಂಡಿರುತ್ತದೆ. ತಿಂಗಳಾದಾಗ ಅದೂ ಊದುತ್ತದೆ, ಅದರಿಂದಲೂ ರಕ್ತ ಜಿನುಗುತ್ತದೆ. ಆದರೆ ಗರ್ಭಕೋಶದ ರಕ್ತಕ್ಕೆ ಹೊರಗೆ ಹೋಗುವ ದಾರಿ ಇದೆ, ಇದಕ್ಕೆ ಇಲ್ಲ. ಹೀಗಾಗಿ ಒಳಗೇ ಉರಿಯೂತ ಆಗುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿ ಗಡ್ಡೆ ಕಟ್ಟಿದರೆ ಅದಕ್ಕೆ ವೈದ್ಯರು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಒಳಗಿನ ದ್ರವ ಕರಗಿದ ಚಾಕೊಲೇಟ್ ಬಣ್ಣದ್ದಾದ್ದರಿಂದ ಆ ಹೆಸರು. ಅಮೆರಿಕದ ಆಲ್ಬನಿ ನಗರದ ಸ್ತ್ರೀರೋಗ ವೈದ್ಯ ಜಾನ್ ಸ್ಯಾಂಪ್ಸನ್ 1921ರಲ್ಲಿ ಈ ಗಡ್ಡೆಗಳ ಬಗ್ಗೆ ವಿವರವಾಗಿ ಬರೆದರು. ಮುಟ್ಟಿನ ರಕ್ತ ಗರ್ಭನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುವುದೇ ಇದಕ್ಕೆ ಕಾರಣವೆಂದು 1927ರಲ್ಲಿ ವಾದಿಸಿದರು. ಆದರೆ ಹಾಗೆ ಹಿಂದಕ್ಕೆ ಹರಿಯುವುದು ಬಹುಪಾಲು ಹೆಂಗಸರಲ್ಲಿ ಇದ್ದೇ ಇರುತ್ತದೆ, ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ಆದ್ದರಿಂದ ಕಾರಣ ಇನ್ನೂ ಪೂರ್ತಿ ಬಿಡಿಸಿಲ್ಲ.

ಇದು ಕ್ಯಾನ್ಸರ್ ಅಲ್ಲ. ಅಂಟುರೋಗವೂ ಅಲ್ಲ. ಯಾರ ತಪ್ಪಿನಿಂದಲೂ, ಯಾರ ದೃಷ್ಟಿಯಿಂದಲೂ ಬಂದದ್ದಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ಕಾಯಿಲೆ ಇದೆ. ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಬರುವವರಲ್ಲಿ ಪ್ರಮಾಣ ಇನ್ನೂ ಹೆಚ್ಚು. ತಾಯಿಗೋ ಒಡಹುಟ್ಟಿದ ಅಕ್ಕತಂಗಿಗೋ ಇದ್ದರೆ ಬರುವ ಸಂಭವ ಜಾಸ್ತಿ.

ನೋವು ಶುರುವಾಗಿ ಕಾಯಿಲೆಗೆ ಹೆಸರು ಸಿಗುವವರೆಗೆ

ಈ ಕಾಯಿಲೆಯ ದೊಡ್ಡ ಕಷ್ಟ ನೋವು ಮಾತ್ರವಲ್ಲ, ತಡ. ಲಕ್ಷಣ ಶುರುವಾದ ಮೇಲೆ ಕಾಯಿಲೆ ಇದೇ ಎಂದು ಗೊತ್ತಾಗುವುದಕ್ಕೆ 4ರಿಂದ 12 ವರ್ಷ ಹಿಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೈಸ್ಕೂಲಿನಲ್ಲಿ ನೋವು ಶುರುವಾದ ಹುಡುಗಿಗೆ ಮದುವೆಯಾಗಿ, ಮಕ್ಕಳಾಗದೆ, ಅತ್ತೆಮನೆಯಲ್ಲಿ ಮಾತು ಕೇಳಿ, ಆಮೇಲೆ ಕಾಯಿಲೆಯ ಹೆಸರು ತಿಳಿಯುತ್ತದೆ ಎಂದರೆ ಲೆಕ್ಕ ಹಾಕಿ.

ತಡಕ್ಕೆ ಅರ್ಧ ಕಾರಣ ನಮ್ಮ ಮನೆಗಳಲ್ಲೇ ಇದೆ. "ಹೆಣ್ಣಾಗಿ ಹುಟ್ಟಿದ ಮೇಲೆ ಹೊಟ್ಟೆನೋವು ಇರೋದೇ", "ಮದುವೆಯಾದರೆ ಸರಿಹೋಗುತ್ತೆ", "ಒಂದು ಹೆರಿಗೆಯಾಗಲಿ ತಾನೇ ಹೋಗುತ್ತೆ" ಎಂಬ ಮಾತುಗಳನ್ನು ಕೇಳದ ಹುಡುಗಿಯೇ ಇಲ್ಲ. ಕಂಪ್ಲಿ ಕಡೆ ನಾಟಿ ಗದ್ದೆಯಲ್ಲಿ ಮೊಣಕಾಲವರೆಗೆ ನೀರಲ್ಲಿ ನಿಂತವಳು, ಹಂಪಿಯಲ್ಲಿ ಗುಡಿಯ ಮುಂದೆ ಹೂವು ಕಾಯಿ ಮಾರುವವಳು ನೋವೆಂದು ಒಂದು ದಿನ ಕೂತರೆ ಆ ದಿನದ ದುಡಿಮೆ ಹೋಯಿತು. ಹಾಗಾಗಿ ನುಂಗಿಕೊಳ್ಳುತ್ತಾರೆ. ಇನ್ನು ಮುಟ್ಟಿನ ವಿಷಯ ಬಾಯಿಬಿಟ್ಟು ಹೇಳುವುದೇ ಮೈಲಿಗೆ ಎಂಬ ನಂಬಿಕೆ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದಾಗ ಅದರಲ್ಲಿ ರಜಸ್ಸೂತಕವೂ ಒಂದಾಗಿತ್ತು. ಆದರೂ ಎಂಟುನೂರು ವರ್ಷಗಳಾದ ಮೇಲೆ ವೈದ್ಯರ ಮುಂದೆ ಕುಳಿತ ತಾಯಿ ಮಗಳ ಮುಟ್ಟಿನ ವಿಷಯ ಹೇಳಲು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ.

ಉಳಿದರ್ಧ ಕಾರಣ ವೈದ್ಯಶಾಸ್ತ್ರದ್ದು. ಕಾಯಿಲೆ ಕಣ್ಣಿಗೆ ಕಾಣುವುದಿಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಎಷ್ಟೋ ಬಾರಿ ಏನೂ ತಿಳಿಯುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಚಾಕೊಲೇಟ್ ಸಿಸ್ಟ್ ಚೆನ್ನಾಗಿ ಕಾಣುತ್ತದೆ, ಆಳಕ್ಕೆ ಇಳಿದ ಗಂಟುಗಳನ್ನು ಅನುಭವ ಇರುವವರು ಸ್ಕ್ಯಾನಿಂಗ್‌ನಲ್ಲಿ ಅಥವಾ ಎಂಆರ್‌ಐನಲ್ಲಿ ಹಿಡಿಯುತ್ತಾರೆ. ಆದರೆ ಪೊರೆಯ ಮೇಲೆ ಸಾಸಿವೆ ಕಾಳು ಚೆಲ್ಲಿದಂತೆ ಹರಡಿದ ಸಣ್ಣ ಚುಕ್ಕೆಗಳು ಸ್ಕ್ಯಾನಿಂಗ್‌ಗೆ ಸಿಗುವುದಿಲ್ಲ. "ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಸುಮ್ಮನೆ ನಾಟಕ ಮಾಡುತ್ತಾಳೆ" ಎಂದು ದಯವಿಟ್ಟು ಯಾರೂ ಹೇಳಬೇಡಿ. ಚುಕ್ಕೆ ಕಡಿಮೆ ಇದ್ದು ನೋವು ವಿಪರೀತ ಇರಬಹುದು. ಹೊಟ್ಟೆ ತುಂಬ ಕಾಯಿಲೆ ಇದ್ದು ನೋವೇ ಇಲ್ಲದಿರಬಹುದು.

ಖಚಿತವಾಗಿ ನೋಡುವ ವಿಧಾನವೆಂದರೆ ಲ್ಯಾಪರೋಸ್ಕೋಪಿ. ಅರಿವಳಿಕೆ ಕೊಟ್ಟು, ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು, ಬೇಕಾದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಲ್ಯಾಪರೋಸ್ಕೋಪಿ ಎಂದ ಕೂಡಲೇ ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಎಂದೇ ತಿಳಿಯುತ್ತಾರೆ. ಕುಟುಂಬ ಯೋಜನೆ ಶಿಬಿರಗಳಿಂದ ಆ ಹೆಸರು ಹಾಗೆ ಬೇರೂರಿದೆ. ಮಕ್ಕಳಿಲ್ಲದ ಸೊಸೆಗೆ ಲ್ಯಾಪರೋಸ್ಕೋಪಿ ಬೇಕು ಎಂದರೆ ಮನೆಯವರು ಎದ್ದು ನಡೆದುಬಿಡುವುದೂ ಉಂಟು. ಎರಡರಲ್ಲೂ ಬಳಸುವ ಉಪಕರಣ ಒಂದೇ, ಮಾಡುವ ಕೆಲಸ ಬೇರೆ. ಒಂದರಲ್ಲಿ ಗರ್ಭನಾಳ ಕಟ್ಟುತ್ತಾರೆ. ಇನ್ನೊಂದರಲ್ಲಿ ಒಳಗೆ ಏನಿದೆ ಎಂದು ನೋಡುತ್ತಾರೆ, ಇದ್ದರೆ ತೆಗೆಯುತ್ತಾರೆ. ಸಹಿ ಮಾಡುವ ಮುನ್ನ ಯಾವುದಕ್ಕೆ ಎಂದು ಕೇಳಿ ತಿಳಿಯಿರಿ.

ಏನೇ ಆದರೂ ಇದು ಆಪರೇಷನ್ನೇ. ಖರ್ಚು, ಹೆದರಿಕೆ, ಅರಿವಳಿಕೆ ಎಲ್ಲ ಇದೆ. ಕಾಯಿಲೆ ಇದೆಯೋ ಇಲ್ಲವೋ ಎಂದು ತಿಳಿಯುವುದಕ್ಕೇ ಆಪರೇಷನ್ ಆಗಬೇಕು ಎಂಬ ಸ್ಥಿತಿ ತಪ್ಪಿಸಲೆಂದೇ ಸೂಚಕಗಳ ಹುಡುಕಾಟ ನಡೆದಿರುವುದು.

ಜೈವಿಕ ಸೂಚಕ ಎಂದರೇನು?

ಒಳಗೆ ಕಾಯಿಲೆ ಇದ್ದಾಗ ರಕ್ತದಲ್ಲಿ, ಮೂತ್ರದಲ್ಲಿ, ಜೊಲ್ಲಿನಲ್ಲಿ ಏನಾದರೊಂದು ವಸ್ತು ಹೆಚ್ಚಾಗಬಹುದು ಅಥವಾ ಕಡಿಮೆಯಾಗಬಹುದು. ಅಳೆಯಲು ಬರುವ ಅಂಥ ಗುರುತಿಗೆ ಜೈವಿಕ ಸೂಚಕ ಅಥವಾ ಬಯೋಮಾರ್ಕರ್ ಎನ್ನುತ್ತಾರೆ. ಸಕ್ಕರೆ ಕಾಯಿಲೆಗೆ ರಕ್ತದ ಗ್ಲೂಕೋಸ್ ಹೇಗೋ ಹಾಗೆ.

ಒಳ್ಳೆಯ ಸೂಚಕ ಎರಡು ಕೆಲಸ ಮಾಡಬೇಕು. ಕಾಯಿಲೆ ಇರುವವರನ್ನು ಬಿಡದೆ ಹಿಡಿಯಬೇಕು, ಇಲ್ಲದವರನ್ನು ಸುಮ್ಮನೆ ಹಿಡಿಯಬಾರದು. ಅಕ್ಕಿ ಜರಡಿ ಹಿಡಿಯುವ ತಾಯಂದಿರಿಗೆ ಇದು ಬೇಗ ಅರ್ಥವಾಗುತ್ತದೆ. ಕಣ್ಣು ದೊಡ್ಡದಾದರೆ ನುಚ್ಚಿನ ಜೊತೆ ಕಾಳೂ ಕೆಳಗೆ ಹೋಗುತ್ತದೆ, ಕಣ್ಣು ಸಣ್ಣದಾದರೆ ನುಚ್ಚು ಮೇಲೆಯೇ ಉಳಿಯುತ್ತದೆ. ಎರಡನ್ನೂ ಸರಿಯಾಗಿ ಬೇರ್ಪಡಿಸುವ ಜರಡಿ ಸಿಗುವುದು ಕಷ್ಟ.

ಸಿಎ-125 ಕಥೆ

ಎಂಡೊಮೆಟ್ರಿಯೋಸಿಸ್ ವಿಷಯದಲ್ಲಿ ನಿಮಗೆ ಹೆಚ್ಚಾಗಿ ಕೇಳಿಬರುವ ರಕ್ತ ಪರೀಕ್ಷೆ ಸಿಎ-125. ಇದು ಹುಟ್ಟಿದ್ದು ಈ ಕಾಯಿಲೆಗಾಗಿ ಅಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಗುರುತಿಸುವ ಪ್ರತಿಕಾಯಕ್ಕಾಗಿ ಒಂದಾದ ಮೇಲೊಂದು ಪ್ರಯೋಗ ಮಾಡುತ್ತಿದ್ದರು. 125ನೆಯದು ಕೆಲಸ ಮಾಡಿತು. 1981ರಲ್ಲಿ ಅದನ್ನು ಪ್ರಕಟಿಸಿದರು, ಹೆಸರಿನಲ್ಲಿ ಆ ಸಂಖ್ಯೆಯೇ ಉಳಿಯಿತು. ಕೆಲವೇ ವರ್ಷಗಳಲ್ಲಿ ಎಂಡೊಮೆಟ್ರಿಯೋಸಿಸ್ ಇರುವವರಲ್ಲೂ ಇದು ಏರುತ್ತದೆ ಎಂದು ಕಂಡುಬಂತು. ಎಲ್ಲರಿಗೂ ಆಸೆ ಹುಟ್ಟಿತು.

ಆದರೆ ಸಿಎ-125 ಏರುವುದಕ್ಕೆ ಹತ್ತು ಕಾರಣ ಇವೆ. ಮುಟ್ಟಿನ ದಿನಗಳಲ್ಲಿ ಏರುತ್ತದೆ. ಗರ್ಭಿಣಿಯಾದರೆ ಏರುತ್ತದೆ. ಗರ್ಭಕೋಶದ ಗಡ್ಡೆ, ಕಿಬ್ಬೊಟ್ಟೆಯ ಸೋಂಕು, ಯಕೃತ್ತಿನ ಕಾಯಿಲೆ ಇದ್ದರೂ ಏರುತ್ತದೆ. ನಮ್ಮ ದೇಶದಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಹೊಟ್ಟೆಯ ಕ್ಷಯ. ಅದರಲ್ಲೂ ಸಿಎ-125 ಬಹಳ ಮೇಲೆ ಹೋಗುತ್ತದೆ, ಅದರಲ್ಲೂ ಅಂಗಗಳು ಅಂಟಿಕೊಳ್ಳುತ್ತವೆ, ಅದರಿಂದಲೂ ಮಕ್ಕಳಾಗುವುದು ನಿಲ್ಲುತ್ತದೆ. ಸಂಡೂರಿನ ಕಡೆ ಮಣ್ಣೆಲ್ಲ ಕೆಂಪೇ. ಕೆಂಪು ಕಂಡ ಕಡೆಯೆಲ್ಲ ಅದಿರು ಇದೆ ಎಂದು ಗಣಿ ತೋಡಲು ಆಗುತ್ತದೆಯೇ? ಸಿಎ-125 ಅಂಥ ಕೆಂಪು ಮಣ್ಣು.

2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲೆಕ್ಕ ಹೀಗಿದೆ. ಸಿಎ-125 ಪ್ರಮಾಣ 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಎಂದುಕೊಂಡರೆ, ಕಾಯಿಲೆ ಇರುವ 100 ಮಂದಿಯಲ್ಲಿ 52 ಮಂದಿ ಸಿಗುತ್ತಾರೆ, 48 ಮಂದಿ ತಪ್ಪಿಹೋಗುತ್ತಾರೆ. ಕಾಯಿಲೆ ಇಲ್ಲದ 100 ಮಂದಿಯಲ್ಲಿ 93 ಮಂದಿಗೆ ಸರಿಯಾಗಿ ಇಲ್ಲ ಎನ್ನುತ್ತದೆ, 7 ಮಂದಿಗೆ ಸುಳ್ಳೇ ಇದೆ ಎನ್ನುತ್ತದೆ.

7 ಎಂದರೆ ಕಡಿಮೆಯಲ್ಲವೇ ಎನ್ನಬಹುದು. ಒಂದು ಲೆಕ್ಕ ಮಾಡೋಣ, ಪೆನ್ನು ಇದ್ದವರು ಜೊತೆಗೇ ಬರೆದುಕೊಳ್ಳಿ. ಸಾವಿರ ಹೆಂಗಸರಿಗೆ ಈ ಪರೀಕ್ಷೆ ಮಾಡಿಸಿದೆವು ಎಂದುಕೊಳ್ಳಿ. ಅವರಲ್ಲಿ ಶೇ. 10ರಂತೆ 100 ಮಂದಿಗೆ ಕಾಯಿಲೆ ಇದೆ, 900 ಮಂದಿಗೆ ಇಲ್ಲ. 100ರಲ್ಲಿ 52 ಮಂದಿಗೆ ಪಾಸಿಟಿವ್ ಬರುತ್ತದೆ. 900ರಲ್ಲಿ ನೂರಕ್ಕೆ 7ರಂತೆ 63 ಮಂದಿಗೂ ಪಾಸಿಟಿವ್ ಬರುತ್ತದೆ. ಒಟ್ಟು 115 ಪಾಸಿಟಿವ್ ಕಾಗದ. ಅದರಲ್ಲಿ ನಿಜವಾದದ್ದು 52, ಸುಳ್ಳು 63. ಅರ್ಧಕ್ಕಿಂತ ಹೆಚ್ಚು ಸುಳ್ಳು! ಅತ್ತ 48 ಮಂದಿ ನಿಜವಾದ ರೋಗಿಗಳು "ನಾರ್ಮಲ್" ಎಂಬ ಕಾಗದ ಹಿಡಿದು ಮನೆಗೆ ಹೋಗಿ ಮತ್ತೆ ನೋವು ನುಂಗುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಅಪಾಯದ್ದು ಈ ಎರಡನೆಯ ಕಾಗದ.

ಇನ್ನೊಂದು ತೊಂದರೆಯೂ ಇದೆ. ಲ್ಯಾಬಿನ ರಿಪೋರ್ಟಿನಲ್ಲಿ "ಕ್ಯಾನ್ಸರ್ ಮಾರ್ಕರ್" ಎಂದು ಮೇಲೆ ಅಚ್ಚಾಗಿರುತ್ತದೆ. ಅದನ್ನು ಓದಿದ ಮನೆಯವರು ರಾತ್ರಿಯಿಡೀ ಅಳುತ್ತಾರೆ. ಎರಡು ಮೂರು ದಿನದ ಕೂಲಿ ದುಡ್ಡು ಕೊಟ್ಟು ಕೊಂಡುತಂದ ಅಳು ಅದು. ವೈದ್ಯರು ಬರೆದುಕೊಟ್ಟರೆ ಮಾಡಿಸಿ, ಅವರಿಗೆ ಬೇರೆ ಕಾರಣ ಇರುತ್ತದೆ, ಗಡ್ಡೆಯ ಸ್ವರೂಪ ತಿಳಿಯಲು ಬೇಕಾಗುತ್ತದೆ. ಮೊಬೈಲಿನಲ್ಲಿ ನೋಡಿ ನೀವೇ ಹೋಗಿ ಮಾಡಿಸಬೇಡಿ.

ಒಂದಲ್ಲ ಎರಡಲ್ಲ, 122 ಸೂಚಕಗಳು

ಸಿಎ-125 ಸಾಲದೆಂದು ಬೇರೆ ಬೇರೆ ಪ್ರೋಟೀನುಗಳು, ಉರಿಯೂತದ ವಸ್ತುಗಳು, ಹಾರ್ಮೋನುಗಳು, ಪ್ರತಿಕಾಯಗಳು ಎಲ್ಲವನ್ನೂ ಪರೀಕ್ಷಿಸಿದರು. ವೈದ್ಯಕೀಯ ಅಧ್ಯಯನಗಳನ್ನು ಕಟ್ಟುನಿಟ್ಟಾಗಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2016ರಲ್ಲಿ ಇದುವರೆಗಿನ ರಕ್ತ ಪರೀಕ್ಷೆಗಳ ಲೆಕ್ಕ ತೆಗೆಯಿತು. 141 ಅಧ್ಯಯನ, 15,141 ಮಹಿಳೆಯರು, 122 ಸೂಚಕಗಳು. ಇಷ್ಟರಲ್ಲಿ ಲ್ಯಾಪರೋಸ್ಕೋಪಿಯ ಬದಲು ಧೈರ್ಯವಾಗಿ ಬಳಸಬಹುದಾದ ಸೂಚಕ ಒಂದೂ ಸಿಗಲಿಲ್ಲ. ಮೂತ್ರದ ಸೂಚಕಗಳನ್ನು ನೋಡಿದರು, ಅಲ್ಲೂ ಇಲ್ಲ.

ಗರ್ಭಕೋಶದ ಒಳಪದರದ ಚೂರು ತೆಗೆದು ನೋಡುವ ಪರೀಕ್ಷೆಯೊಂದು ಕೆಲಕಾಲ ದೊಡ್ಡ ಸುದ್ದಿ ಮಾಡಿತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 2006ರಲ್ಲಿ, ಈ ಕಾಯಿಲೆ ಇರುವವರ ಒಳಪದರದಲ್ಲಿ ಸಣ್ಣ ನರದ ಎಳೆಗಳು ಕಾಣುತ್ತವೆ, ಇಲ್ಲದವರಲ್ಲಿ ಕಾಣುವುದಿಲ್ಲ ಎಂದು ವರದಿ ಮಾಡಿದರು. ಮೊದಲ ಅಧ್ಯಯನಗಳಲ್ಲಿ ಫಲಿತಾಂಶ ಬಹಳ ಚೆನ್ನಾಗಿತ್ತು. ಬೇರೆ ಊರಿನವರು ಮಾಡಿ ನೋಡಿದಾಗ ಎಲ್ಲರಿಗೂ ಹಾಗೆ ಬರಲಿಲ್ಲ.

ಹೀಗೇಕೆ ಆಗುತ್ತದೆ? ಒಂದು, ಹೆಣ್ಣಿನ ದೇಹ ತಿಂಗಳ ಮೊದಲ ವಾರ ಇದ್ದಂತೆ ಮೂರನೆಯ ವಾರ ಇರುವುದಿಲ್ಲ. ಯಾವ ದಿನ ರಕ್ತ ತೆಗೆದರು ಎಂಬುದರ ಮೇಲೆ ಅಳತೆ ಬದಲಾಗುತ್ತದೆ. ಎರಡು, ಒಂದೇ ಹೆಸರಿನ ಕೆಳಗೆ ಹಲವು ಕಾಯಿಲೆಗಳಿವೆ. ಪೊರೆಯ ಮೇಲಿನ ಚುಕ್ಕೆ ಬೇರೆ, ಅಂಡಾಶಯದ ಗಡ್ಡೆ ಬೇರೆ, ಕರುಳಿಗೆ ಇಳಿದ ಗಂಟು ಬೇರೆ, ಎಲ್ಲಕ್ಕೂ ಒಂದೇ ಗುರುತು ಇರಬೇಕೆಂದಿಲ್ಲ. ಇನ್ನು ಎಷ್ಟೋ ಅಧ್ಯಯನಗಳು ಐವತ್ತು ಅರವತ್ತು ಜನರ ಮೇಲೆ ನಡೆದವು. ಹೋಲಿಕೆಗೆಂದು ಪೂರ್ತಿ ಆರೋಗ್ಯವಂತರನ್ನು ತೆಗೆದುಕೊಂಡರು. ಆದರೆ ನಿಜವಾದ ಪ್ರಶ್ನೆ ಆರೋಗ್ಯವಂತಳಿಗೂ ರೋಗಿಗೂ ಇರುವ ವ್ಯತ್ಯಾಸ ಅಲ್ಲ. ಹೊಟ್ಟೆನೋವು ಎಂದು ಬಂದ ಇಬ್ಬರಲ್ಲಿ ಯಾರಿಗೆ ಈ ಕಾಯಿಲೆ, ಯಾರಿಗೆ ಬೇರೆ ಕಾರಣ ಎಂಬುದು. ರಕ್ತ ತೆಗೆದು ಎಷ್ಟು ಹೊತ್ತಿಗೆ ಫ್ರಿಜ್‌ನಲ್ಲಿ ಇಟ್ಟರು ಎಂಬುದರಿಂದಲೂ ಫಲಿತಾಂಶ ಬದಲಾಗುತ್ತದೆ. ನಮ್ಮ ಲ್ಯಾಬಿನವರು ಸ್ಯಾಂಪಲ್ ತಡವಾಯಿತೆಂದು ವಾರ್ಡಿನ ಸಿಸ್ಟರುಗಳನ್ನು ಬೈಯುವುದು ಇದಕ್ಕೇ. 2014ರಲ್ಲಿ ಹಲವು ದೇಶಗಳ ಸಂಶೋಧಕರು ಕೂಡಿ ರಕ್ತ, ಮೂತ್ರ, ಅಂಗಾಂಶಗಳನ್ನು ಎಲ್ಲರೂ ಒಂದೇ ರೀತಿ ತೆಗೆದು ಇಡಬೇಕೆಂದು ನಿಯಮ ಮಾಡಿಕೊಂಡರು.

ಯುರೋಪಿನ ಸಂತಾನಶಾಸ್ತ್ರ ತಜ್ಞರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಎರಡು ಮಾತು ಸ್ಪಷ್ಟವಾಗಿ ಹೇಳಿತು. ಈ ಕಾಯಿಲೆ ಪತ್ತೆಗೆ ರಕ್ತದ, ಒಳಪದರದ, ಮುಟ್ಟಿನ ದ್ರವದ ಸೂಚಕಗಳನ್ನು ಬಳಸಬೇಡಿ. ಹಾಗೆಂದು ಎಲ್ಲರಿಗೂ ಲ್ಯಾಪರೋಸ್ಕೋಪಿಯೂ ಬೇಡ. ಲಕ್ಷಣ ಕೇಳಿ, ಸ್ಕ್ಯಾನಿಂಗ್ ನೋಡಿ, ಅನುಮಾನ ಬಲವಾಗಿದ್ದರೆ ಔಷಧಿ ಶುರುಮಾಡಬಹುದು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆ ಇದ್ದಾಗ, ಔಷಧಿಗೆ ಬಗ್ಗದಾಗ ಅಥವಾ ಔಷಧಿ ಕೊಡಲು ಆಗದಾಗ ಲ್ಯಾಪರೋಸ್ಕೋಪಿ. ಈ ಎರಡನೆಯ ಮಾತು ನಮ್ಮಂಥ ಊರುಗಳಿಗೆ ದೊಡ್ಡ ಉಪಕಾರ.

ನಮ್ಮ ದೇಶದ ಹುಡುಕಾಟ

ಈ ಕೆಲಸ ಪರದೇಶದಲ್ಲಿ ಮಾತ್ರ ನಡೆದಿದೆ ಎಂದುಕೊಳ್ಳಬೇಡಿ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದವರು ದಕ್ಷಿಣ ಭಾರತದ ಮಹಿಳೆಯರ ರಕ್ತ ಪರೀಕ್ಷಿಸಿ, ರಕ್ತನಾಳ ಬೆಳೆಸುವ ಒಂದು ಜೀನಿನ ವ್ಯತ್ಯಾಸಕ್ಕೂ ಈ ಕಾಯಿಲೆಗೂ ನಂಟಿದೆ ಎಂದು 2005ರಲ್ಲಿ ವರದಿ ಮಾಡಿದರು. ಖರಗಪುರದ ಐಐಟಿ ವಿಜ್ಞಾನಿಗಳು ಕೊಲ್ಕತ್ತದ ವೈದ್ಯರ ಜೊತೆ ಸೇರಿ ರಕ್ತದ ಸಣ್ಣ ಸಣ್ಣ ರಾಸಾಯನಿಕಗಳ ಏರುಪೇರಿನಲ್ಲೇ ಗುರುತು ಇದೆಯೇ ಎಂದು ಹುಡುಕಿ 2012ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಮುಂಬೈನ ರಾಷ್ಟ್ರೀಯ ಪ್ರಜನನ ಆರೋಗ್ಯ ಸಂಶೋಧನಾ ಸಂಸ್ಥೆಯ ಡಾ. ರಾಹುಲ್ ಗಜಭಿಯೆ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಈ ಕಾಯಿಲೆ ಇರುವವರ ದೇಹ ತನ್ನದೇ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಟ್ರೋಪೋಮಯೋಸಿನ್, ಟ್ರೋಪೋಮಾಡ್ಯುಲಿನ್ ಎಂಬ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳನ್ನು ಅಳೆದರೆ ಆರಂಭದ ಹಂತದ ಕಾಯಿಲೆಯನ್ನು ಸಿಎ-125ಗಿಂತ ಚೆನ್ನಾಗಿ ಹಿಡಿಯಬಹುದು ಎಂದು ತೋರಿಸಿದರು. ಇದು ಇನ್ನೂ ಆಸ್ಪತ್ರೆಯ ಪರೀಕ್ಷೆಯಾಗಿ ಬಂದಿಲ್ಲ. ಈಚಿನ ವರ್ಷಗಳಲ್ಲಿ ಇದೇ ಸಂಸ್ಥೆ ದೇಶದ ಬೇರೆ ಬೇರೆ ಕಡೆಯ ಆಸ್ಪತ್ರೆಗಳನ್ನು ಜೊತೆಗೂಡಿಸಿ ಭಾರತದ ಮಹಿಳೆಯರ ಲಕ್ಷಣ ಮತ್ತು ಜೀನುಗಳ ಅಧ್ಯಯನ ಕೈಗೊಂಡಿದೆ. ಅದು ಏಕೆ ಮುಖ್ಯ ಎಂದರೆ, 2023ರಲ್ಲಿ ಪ್ರಕಟವಾದ, ಅಲ್ಲಿಯವರೆಗಿನ ಅತಿ ದೊಡ್ಡ ಜೀನ್ ಅಧ್ಯಯನದಲ್ಲಿ ಕಾಯಿಲೆ ಇರುವ 60,674 ಮಹಿಳೆಯರು ಇದ್ದರು. ಕಾಯಿಲೆಗೆ ಸಂಬಂಧಿಸಿದ 42 ಜಾಗಗಳು ಸಿಕ್ಕವು. ಆದರೆ ಆ ಮಹಿಳೆಯರೆಲ್ಲ ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರು. ಅವರಿಗೆ ಹೊಲಿದ ರವಿಕೆ ನಮಗೆ ಸರಿಹೋಗುತ್ತದೆಯೋ ಇಲ್ಲವೋ ತೊಟ್ಟು ನೋಡಿಯೇ ತಿಳಿಯಬೇಕು.

ಜೊಲ್ಲಿನ ಪರೀಕ್ಷೆ

ಈಗ ಹೆಚ್ಚು ಮಾತಿನಲ್ಲಿರುವುದು ಫ್ರಾನ್ಸ್‌ನ ಜೊಲ್ಲಿನ ಪರೀಕ್ಷೆ. ಮೈಕ್ರೋ ಆರ್‌ಎನ್‌ಎ ಎಂಬ ಅತಿ ಸಣ್ಣ ತುಣುಕುಗಳು ಜೊಲ್ಲಿನಲ್ಲೂ ಇರುತ್ತವೆ. ಅಂಥ 109 ತುಣುಕುಗಳನ್ನು ಒಟ್ಟಿಗೆ ಅಳೆದು ಕಂಪ್ಯೂಟರ್ ಲೆಕ್ಕದಿಂದ ಕಾಯಿಲೆ ಹೇಳುವುದು ಇದರ ವಿಧಾನ. 2022ರಲ್ಲಿ 200 ಮಹಿಳೆಯರ ಮೇಲೆ, 2023ರಲ್ಲಿ ಮತ್ತೆ ಬೇರೆ 200 ಮಹಿಳೆಯರ ಮೇಲಿನ ಫಲಿತಾಂಶ ಬಂತು. ಕಾಯಿಲೆ ಇರುವ 100ರಲ್ಲಿ 96 ಮಂದಿಯನ್ನು ಹಿಡಿಯಿತು, ಇಲ್ಲದ 100ರಲ್ಲಿ 95 ಮಂದಿಯನ್ನು ಸರಿಯಾಗಿ ಬಿಟ್ಟಿತು. ಇದು ನಿಜಕ್ಕೂ ಒಳ್ಳೆಯ ಅಂಕಿ.

ಆದರೆ ಫ್ರಾನ್ಸ್‌ನ ಆರೋಗ್ಯ ಪ್ರಾಧಿಕಾರ ಅವಸರ ಮಾಡಲಿಲ್ಲ. ಭರವಸೆ ಇದೆ, ಇನ್ನೂ ಸಾಕ್ಷ್ಯ ಬೇಕು ಎಂದು 2024ರ ಜನವರಿಯಲ್ಲಿ ಹೇಳಿತು. 2025ರಲ್ಲಿ ಆಯ್ದ ಆಸ್ಪತ್ರೆಗಳಲ್ಲಿ ಸುಮಾರು 25,000 ಮಹಿಳೆಯರಿಗೆ ಸರ್ಕಾರದ ಖರ್ಚಿನಲ್ಲಿ ಪರೀಕ್ಷೆ ಮಾಡಿ ನೋಡುವ ಏರ್ಪಾಟು ಶುರುವಾಯಿತು. ಅದೂ ಎಲ್ಲರಿಗಲ್ಲ, ಲಕ್ಷಣ ಇದ್ದು ಸ್ಕ್ಯಾನಿಂಗ್, ಎಂಆರ್‌ಐನಲ್ಲಿ ತಿಳಿಯದವರಿಗೆ. ಹಿಂದೆ ಮಾಡಿದ ಲೆಕ್ಕವನ್ನೇ ಇದಕ್ಕೂ ಮಾಡಿದರೆ ಕಾರಣ ತಿಳಿಯುತ್ತದೆ. ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ 96 ನಿಜ, 45 ಸುಳ್ಳು. ಇಷ್ಟು ಒಳ್ಳೆಯ ಪರೀಕ್ಷೆಯಲ್ಲೂ ಮೂರರಲ್ಲಿ ಒಂದು ಪಾಸಿಟಿವ್ ಹುಸಿ. ಲಕ್ಷಣ ಇರುವವರಿಗೆ ಮಾತ್ರ ಮಾಡಿದರೆ ಹುಸಿ ಕಡಿಮೆಯಾಗುತ್ತದೆ. ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಮೊದಲು ಲಕ್ಷಣ ಕೇಳುವವರು ಬೇಕೇ ಬೇಕು.

ಆಸ್ಟ್ರೇಲಿಯಾದವರು 2024ರ ಕೊನೆಯಲ್ಲಿ ರಕ್ತದ 10 ಪ್ರೋಟೀನುಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಬಲಿತ ಕಾಯಿಲೆಯನ್ನು ಅದು ಚೆನ್ನಾಗಿ ಗುರುತಿಸುತ್ತದೆ, ಎಳೆಯ ಹಂತದಲ್ಲಿ ಅಷ್ಟಿಲ್ಲ. ನ್ಯೂಯಾರ್ಕ್‌ನಲ್ಲಿ ಮುಟ್ಟಿನ ರಕ್ತವನ್ನೇ ಪರೀಕ್ಷಿಸುವ ಕೆಲಸ ನಡೆದಿದೆ. ಗರ್ಭಕೋಶದ ಒಳಪದರ ತಾನಾಗಿಯೇ ಹೊರಗೆ ಬರುವಾಗ ಅದನ್ನು ಕತ್ತರಿಸಿ ಏಕೆ ತೆಗೆಯಬೇಕು ಎಂಬ ಯೋಚನೆ ಅವರದು. ಕಾಯಿಲೆ ಇರುವವರ ಮುಟ್ಟಿನ ರಕ್ತದ ಜೀವಕೋಶಗಳಲ್ಲಿ ವ್ಯತ್ಯಾಸ ಇದೆ ಎಂದು 2022ರಲ್ಲಿ ವರದಿ ಮಾಡಿದರು. ನಾವು ಯಾರಿಗೂ ಕಾಣದಂತೆ ಹೂತುಹಾಕುವ ಬಟ್ಟೆಯಲ್ಲಿ ವಿಜ್ಞಾನಿಗಳು ಉತ್ತರ ಹುಡುಕುತ್ತಿದ್ದಾರೆ.

ಹಾಗಾದರೆ ಇಂದು ಏನು ಮಾಡಬೇಕು?

ಮನೆಯ ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರ್ ಇದೆಯಲ್ಲ, ಅದು ಸಾಕು. ಮುಟ್ಟು ಬಂದ ದಿನ ಗುರುತು ಹಾಕಿ, ನಿಂತ ದಿನ ಗುರುತು ಹಾಕಿ. ನೋವಿಗೆ 0ರಿಂದ 10ರವರೆಗೆ ಅಂಕ ಕೊಡಿ. ಅಕ್ಷರ ಬಾರದವರು ಸ್ವಲ್ಪ ನೋವಿಗೆ ಒಂದು ಚುಕ್ಕಿ, ಕೆಲಸ ಬಿಟ್ಟು ಮಲಗುವಷ್ಟು ನೋವಿಗೆ ಮೂರು ಚುಕ್ಕಿ ಇಡಿ. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕೂತಾಗ, ಮೂತ್ರ ಮಾಡುವಾಗ ನೋವು ಬರುತ್ತದೆಯೇ, ಗಂಡನ ಜೊತೆ ಸೇರಿದಾಗ ಒಳಗೆ ನೋವಾಗುತ್ತದೆಯೇ, ಮುಟ್ಟು ಇಲ್ಲದಾಗಲೂ ಕಿಬ್ಬೊಟ್ಟೆ ಸೆಳೆಯುತ್ತದೆಯೇ, ಎಷ್ಟು ನೋವಿನ ಗುಳಿಗೆ ನುಂಗಿದಿರಿ, ಎಷ್ಟು ದಿನ ಕೂಲಿ ಅಥವಾ ಶಾಲೆ ತಪ್ಪಿತು, ಇವಿಷ್ಟೂ ನೆನಪಿಟ್ಟುಕೊಳ್ಳಿ. ಮೂರು ತಿಂಗಳ ಗುರುತಿರುವ ಕ್ಯಾಲೆಂಡರ್ ಹಾಳೆ ಹರಿದು ತಂದರೆ ವೈದ್ಯರಿಗೆ ಸಿಎ-125 ರಿಪೋರ್ಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಗಂಡನ ವಿಷಯ ಡಾಕ್ಟರ ಮುಂದೆ ಹೇಳಲು ನಾಚಿಕೆಯಾದರೆ ಮೊದಲು ಸಿಸ್ಟರ್ ಹತ್ತಿರ ಹೇಳಿ, ನಾವು ಚೀಟಿಯಲ್ಲಿ ಬರೆದು ಒಳಗೆ ಕಳಿಸುತ್ತೇವೆ.

ಶಾಲೆ ತಪ್ಪಿಸುವಷ್ಟು ನೋವು ಸಹಜವಲ್ಲ. ಮಗಳಿಗೆ ಮದುವೆಯಾಗಿಲ್ಲ, ಸ್ತ್ರೀರೋಗ ವಿಭಾಗಕ್ಕೆ ಕರೆತಂದರೆ ಯಾರಾದರೂ ಏನಾದರೂ ಅಂದುಕೊಂಡಾರು ಎಂಬ ಹೆದರಿಕೆ ತಾಯಂದಿರಿಗೆ ಇರುತ್ತದೆ. ಅವಳಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡುತ್ತಾರೆ, ಒಳಪರೀಕ್ಷೆ ಮಾಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ.

ಈ ಕಾಯಿಲೆಗೆ ಬೇರುಸಹಿತ ಕೀಳುವ ಔಷಧಿ ಇಲ್ಲ, ಆದರೆ ಹಿಡಿತದಲ್ಲಿಡುವ ಔಷಧಿ ಇದೆ. ನೋವಿನ ಗುಳಿಗೆಯನ್ನು ನೋವು ಏರಿದ ಮೇಲಲ್ಲ, ಶುರುವಾಗುವಾಗಲೇ, ಊಟವಾದ ಮೇಲೆ ತೆಗೆದುಕೊಳ್ಳಬೇಕು. ಹಾರ್ಮೋನ್ ಗುಳಿಗೆಗಳು ಒಳಪದರದ ಬೆಳವಣಿಗೆ ತಗ್ಗಿಸಿ ನೋವು ಕಡಿಮೆ ಮಾಡುತ್ತವೆ. ಅವನ್ನು ನುಂಗಿದರೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂಬುದು ತಪ್ಪು ಕಲ್ಪನೆ. ನುಂಗುವಷ್ಟು ದಿನ ಗರ್ಭ ನಿಲ್ಲುವುದು ತಡೆಯುತ್ತದೆ, ನಿಲ್ಲಿಸಿದ ಮೇಲೆ ಮುಟ್ಟು ಮರಳಿ ಬರುತ್ತದೆ. ಹಾಗಾಗಿ ಈಗಲೇ ಮಗು ಬೇಕೆನ್ನುವವರಿಗೆ ಚಿಕಿತ್ಸೆ ಬೇರೆ. ಬಿಪಿ, ಅರೆತಲೆನೋವು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಎಲ್ಲ ಗುಳಿಗೆ ಆಗುವುದಿಲ್ಲ, ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ನೆರೆಮನೆಯವರ ಚೀಟಿ ತೋರಿಸಿ ತರಬೇಡಿ.

ಗರ್ಭಕೋಶ ತೆಗೆಸುವ ಬಗ್ಗೆ ಜಾಗ್ರತೆ ಇರಲಿ. "ಚೀಲ ತೆಗೆಸಿಬಿಟ್ಟರೆ ಪೀಡೆ ಹೋಗುತ್ತದೆ" ಎಂದು ಇಪ್ಪತ್ತೆಂಟು ಮೂವತ್ತು ವರ್ಷದವರೂ ಬರುತ್ತಾರೆ. ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ. ಒಳಗಿನದನ್ನು ಮಾತ್ರ ತೆಗೆದರೆ ಹೊರಗಿನದು ಉಳಿದು ನೋವು ಮುಂದುವರಿಯಬಹುದು. ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರಿಗೆ, ಅದರಲ್ಲೂ ತಾಂಡಾದವರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು ಬಂದು ದೊಡ್ಡ ಗದ್ದಲವಾಗಿತ್ತು. ಇಂಥ ಆಪರೇಷನ್‌ಗಳಿಗೆ ಕಡಿವಾಣ ಹಾಕುವ ಮಾರ್ಗಸೂಚಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ತೆಗೆಯಲೇಬೇಕಾದ ಸಂದರ್ಭಗಳು ಇವೆ. ಆದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು, ಅದರಿಂದ ಯಾವ ವೈದ್ಯರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ.

ಜೊತೆಗೆ ಬರುವವರಿಗೆ ಒಂದು ಕೋರಿಕೆ. ವೈದ್ಯರು ರೋಗಿಯನ್ನು ಪ್ರಶ್ನೆ ಕೇಳಿದಾಗ ಉತ್ತರ ಅವಳೇ ಹೇಳಲಿ. ಗಂಡ ಒಮ್ಮೆಯಾದರೂ ಜೊತೆಗೆ ಬರಲಿ, ಮಗುವಾಗದ ವಿಷಯವಿದ್ದರೆ ಅವರ ಪರೀಕ್ಷೆಯೂ ಆಗಬೇಕು.

ಏಕಾಏಕಿ ಸಹಿಸಲಾಗದ ಹೊಟ್ಟೆನೋವು ಬಂದು ಜ್ವರ, ವಾಂತಿ ಅಥವಾ ತಲೆಸುತ್ತಿ ಬೀಳುವುದು ಇದ್ದರೆ, ಇಲ್ಲವೇ ಮುಟ್ಟು ತಪ್ಪಿದ ಮೇಲೆ ಒಂದು ಪಕ್ಕದಲ್ಲಿ ಜೋರು ನೋವು ಬಂದರೆ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ. ಅದು ಗಡ್ಡೆ ಒಡೆದದ್ದಿರಬಹುದು, ಗರ್ಭನಾಳದಲ್ಲಿ ನಿಂತ ಗರ್ಭವಿರಬಹುದು. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಬನ್ನಿ.

ಹೊರರೋಗಿ ವಿಭಾಗಕ್ಕೆ ಬರುವಾಗ ಹಳೆಯ ಸ್ಕ್ಯಾನಿಂಗ್ ಫಿಲಂಗಳು, ಹಿಂದಿನ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಗುಳಿಗೆಯ ಖಾಲಿ ಪಟ್ಟಿ ಎಲ್ಲ ಒಂದೇ ಚೀಲದಲ್ಲಿ ಹಾಕಿ ತನ್ನಿ. ಮುಟ್ಟಿನ ದಿನವೇ ಬಂದರೂ ಪರವಾಗಿಲ್ಲ.